ಇಪ್ಪತ್ತನಾಲ್ಕು ನಿಮಿಷದ ಲೆಕ್ಕ, ಎಂಬತ್ತು ನಿಮಿಷದ ಹಾರಾಟ

ನಮ್ಮ ಪಾಠಯೋಜನೆಗಳಲ್ಲಿ ಓಡುವ ರೈಲು ಯಾವ ನಿಲ್ದಾಣದಲ್ಲೂ ನಿಲ್ಲುವುದಿಲ್ಲ. ಹೊರಟ ಕ್ಷಣದಲ್ಲೇ ಅದಕ್ಕೆ ಗಂಟೆಗೆ 60 ಕಿ.ಮೀ. ಜವ ಬಂದಿರುತ್ತದೆ. ಮುಟ್ಟುವವರೆಗೂ ಅದೇ ಜವ ಇರುತ್ತದೆ. ಕ್ರಮಿಸಬೇಕಾದ ದೂರವೂ 60ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಅಭ್ಯಾಸ ಬೋಧನೆಗೆ ಹೋಗುವ ನಾವು ಪ್ರಶಿಕ್ಷಣಾರ್ಥಿಗಳು ಈ ರೈಲನ್ನು ಹಿಂದಿನ ಸಾಲಿನವರ ರೆಕಾರ್ಡ್ ಪುಸ್ತಕದಿಂದ ಇಳಿಸಿಕೊಂಡು, ನಮ್ಮ ಹಿಂದೆ ಬರುವವರಿಗೆ ಹಾಗೆಯೇ ದಾಟಿಸುತ್ತೇವೆ. ಸೂತ್ರ ಕಲಿಸಲು ಮೊದಲ ದಿನ ಇಂಥ ರೈಲು ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಪಾಠ ಅಲ್ಲಿಗೇ ಮುಗಿದರೆ, ಜವ ಎಂಬುದು ಕರಿಹಲಗೆಯ ಮೇಲೆ ಮಾತ್ರ ಇರುವ ವಸ್ತು ಎಂದು ಮಗು ತಿಳಿಯುತ್ತದೆ.

ಒಂಬತ್ತನೆಯ ತರಗತಿಯ ‘ಚಲನೆ’ ಘಟಕದಲ್ಲಿ, ಸೂತ್ರ ಕಲಿಸಿದ ಮರುದಿನವೇ, ಉತ್ತರ ಸರಿಹೊಂದದ ಒಂದು ನಿಜವಾದ ಪ್ರಯಾಣದ ಲೆಕ್ಕವನ್ನು ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಸೂತ್ರದಿಂದ ಬಂದ ಉತ್ತರಕ್ಕೂ ವೇಳಾಪಟ್ಟಿಯ ಉತ್ತರಕ್ಕೂ ನಡುವೆ ಇರುವ ಅಂತರವೇ ಆ ದಿನದ ಪಾಠವಾಗಬೇಕು. ಇದಕ್ಕೆ ನಾನು ಆರಿಸಿಕೊಂಡದ್ದು ಯುರೋಪಿನ ಎರಡು ರಾಜಧಾನಿಗಳು: ಲಂಡನ್ ಮತ್ತು ಪ್ಯಾರಿಸ್.

ಮೊದಲು ದೂರ

‘ಲಂಡನ್‌ನಿಂದ ಪ್ಯಾರಿಸ್‌ಗೆ ಎಷ್ಟು ದೂರ?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನೇರ ಗೆರೆಯಲ್ಲಿ ಸುಮಾರು 344 ಕಿ.ಮೀ. ಸಮುದ್ರದಡಿಯ ಸುರಂಗದ ಮೂಲಕ ಹೋಗುವ ರೈಲುದಾರಿಯಲ್ಲಿ ಸುಮಾರು 492 ಕಿ.ಮೀ. ದೂರ ಮತ್ತು ಸ್ಥಾನಪಲ್ಲಟದ ವ್ಯತ್ಯಾಸವನ್ನು ನಾವು ಸಾಮಾನ್ಯವಾಗಿ ಆಟದ ಮೈದಾನದ ಸುತ್ತ ಓಡುವ ಹುಡುಗನಿಂದ ಹೇಳಿಕೊಡುತ್ತೇವೆ. ಇಲ್ಲಿ ಅದೇ ವಿಷಯ ಎರಡು ಸಂಖ್ಯೆಗಳಾಗಿ ಕಣ್ಣೆದುರು ನಿಲ್ಲುತ್ತದೆ. ಯಾವ ದಾರಿಯಲ್ಲಿ ಹೋದರೂ ಸ್ಥಾನಪಲ್ಲಟ 344; ಬದಲಾಗುವುದು ದೂರ ಮಾತ್ರ.

ಆ 344 ಎಂಬ ಸಂಖ್ಯೆಯನ್ನೂ ನಾವು ಹೇಳಿಕೊಡಬೇಕಿಲ್ಲ, ಮಕ್ಕಳೇ ಕಂಡುಹಿಡಿಯಬಲ್ಲರು. ಗೋಳದ ಮೇಲೆ ದಾರ ಹಿಡಿದು ಅಳೆಯುವುದು ನಮಗೆಲ್ಲ ತಿಳಿದಿರುವ ಚಟುವಟಿಕೆ. ಆದರೆ 30 ಸೆಂ.ಮೀ. ವ್ಯಾಸದ ಶಾಲಾ ಗೋಳದಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ. ಅಂದರೆ ಈ ಎರಡು ನಗರಗಳ ನಡುವೆ ಅಲ್ಲಿ ಬರುವುದು ಎಂಟು ಮಿಲಿಮೀಟರ್ ಮಾತ್ರ. ದಾರ ಒಂದು ಮಿಲಿಮೀಟರ್ ಸರಿದರೆ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಪ್ಪುತ್ತದೆ. ಅಳತೆಯ ಸಾಧನಕ್ಕೆ ಒಂದು ಮಿತಿಯಿದೆ ಎಂಬುದನ್ನು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ದಾರ ಸೋತ ಮೇಲೆ ಅಕ್ಷಾಂಶ, ರೇಖಾಂಶಗಳ ಕಡೆಗೆ ಹೋಗಬಹುದು. ಲಂಡನ್ 51.51 ಡಿಗ್ರಿ ಉತ್ತರ, 0.13 ಡಿಗ್ರಿ ಪಶ್ಚಿಮದಲ್ಲಿದೆ; ಪ್ಯಾರಿಸ್ 48.86 ಡಿಗ್ರಿ ಉತ್ತರ, 2.35 ಡಿಗ್ರಿ ಪೂರ್ವದಲ್ಲಿದೆ. ಅಕ್ಷಾಂಶದ ವ್ಯತ್ಯಾಸ 2.65 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. ಹಿಡಿದರೆ ಉತ್ತರ–ದಕ್ಷಿಣ ಅಂತರ 294 ಕಿ.ಮೀ. ರೇಖಾಂಶದ ವ್ಯತ್ಯಾಸ 2.48 ಡಿಗ್ರಿ. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ, 50 ಡಿಗ್ರಿ ಅಕ್ಷಾಂಶದ ಬಳಿ ಒಂದು ಡಿಗ್ರಿಗೆ ಸುಮಾರು 71 ಕಿ.ಮೀ. ಮಾತ್ರ, ಪೂರ್ವ–ಪಶ್ಚಿಮ ಅಂತರ 176 ಕಿ.ಮೀ. ಈಗ ಇದೊಂದು ಲಂಬಕೋನ ತ್ರಿಭುಜ. ಪೈಥಾಗೊರಸ್ ಪ್ರಮೇಯ ಹಾಕಿದರೆ ವಿಕರ್ಣ ಸುಮಾರು 343 ಕಿ.ಮೀ. ಭೂಮಿ ದುಂಡಗಿದ್ದರೂ ಇಷ್ಟು ಚಿಕ್ಕ ದೂರಕ್ಕೆ ಸಮತಲದ ಲೆಕ್ಕ ಸಾಕಾಗುತ್ತದೆ. ಸಮಾಜ ವಿಜ್ಞಾನದ ಭೂಪಟ, ಗಣಿತದ ಪ್ರಮೇಯ, ವಿಜ್ಞಾನದ ಸ್ಥಾನಪಲ್ಲಟ ಮೂರೂ ಒಂದೇ ಕರಿಹಲಗೆಯ ಮೇಲೆ ಬರುತ್ತವೆ. ವಿಷಯಗಳ ಸಹಸಂಬಂಧ ಎಂದು ಪಾಠಯೋಜನೆಯ ಅಂಕಣದಲ್ಲಿ ನಾವು ಬರೆಯುವ ಮಾತಿಗೆ ಇಲ್ಲಿ ಕೈಕಾಲು ಬರುತ್ತದೆ.

ಆಮೇಲೆ ಸಮಯ

ಜೆಟ್ ವಿಮಾನ ಮೇಲೆ ಸಮವಾಗಿ ಹಾರುವಾಗ ಅದರ ಜವ ಗಂಟೆಗೆ 800ರಿಂದ 900 ಕಿ.ಮೀ. ಇರುತ್ತದೆ. 850 ಎಂದಿಟ್ಟುಕೊಂಡು ಭಾಗಿಸಿದರೆ ಲಂಡನ್–ಪ್ಯಾರಿಸ್‌ಗೆ ಬೇಕಾಗುವ ಸಮಯ 24 ನಿಮಿಷ. ಆದರೆ ವಿಮಾನಗಳ ವೇಳಾಪಟ್ಟಿಯಲ್ಲಿ ಈ ಪ್ರಯಾಣಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು ತೋರಿಸುತ್ತಾರೆ. ಉಳಿದ 56 ನಿಮಿಷ ಎಲ್ಲಿ ಹೋಯಿತು?

ನಾನು ಅಭ್ಯಾಸ ಬೋಧನೆಗೆ ಹೋದ ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ಈ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಸುಮ್ಮನೆ ನಿಂತೆ. ಆ ತರಗತಿಯಲ್ಲಿ ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲ. ಆದರೂ ಉತ್ತರ ಬರಲು ಹೊತ್ತು ಹಿಡಿಯಲಿಲ್ಲ. ‘ಬಸ್ಸು ಸ್ಟ್ಯಾಂಡಿನಿಂದ ಹೊರಗೆ ಬರೋದಕ್ಕೇ ಹತ್ತು ನಿಮಿಷ ಬೇಕಲ್ಲ ಮಿಸ್’ ಎಂದಳು ಒಬ್ಬಳು. ‘ಇಳಿಯೋಕೆ ಜಾಗ ಖಾಲಿ ಇಲ್ಲ ಅಂದ್ರೆ ಮೇಲೇ ಸುತ್ತಬೇಕು’ ಎಂದ ಇನ್ನೊಬ್ಬ. ಇಬ್ಬರ ಮಾತೂ ಸರಿ.

ವೇಳಾಪಟ್ಟಿಯ ಸಮಯ ಎಂದರೆ ಗಾಳಿಯಲ್ಲಿರುವ ಸಮಯ ಮಾತ್ರವಲ್ಲ. ವಿಮಾನ ತಾನು ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ನಿಗದಿತ ಜಾಗಕ್ಕೆ ಬಂದು ನಿಲ್ಲುವ ಕ್ಷಣದವರೆಗಿನ ಸಮಯ ಅದು. ರನ್‌ವೇ ತನಕ ನೆಲದ ಮೇಲೆ ಉರುಳಬೇಕು, ಸರದಿ ಕಾಯಬೇಕು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಏರಬೇಕು; ಅದು ಪ್ಯಾರಿಸ್‌ನ ದಿಕ್ಕೇ ಆಗಿರಬೇಕೆಂದಿಲ್ಲ, ಏರಿದ ಮೇಲೆ ತಿರುಗಬೇಕಾಗಬಹುದು. ಸುಮಾರು 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಎಂಬ ಜವದ ಮಿತಿ ಇರುತ್ತದೆ. ಇಷ್ಟು ಹತ್ತಿರದ ಪ್ರಯಾಣದಲ್ಲಿ ಏರುವುದು ಮುಗಿದು ಸ್ವಲ್ಪ ಹೊತ್ತಿಗೆ ಇಳಿಯುವುದು ಆರಂಭವಾಗುತ್ತದೆ. 850 ಕಿ.ಮೀ. ಜವದಲ್ಲಿ ಹಾರುವ ಹೊತ್ತು ಇಡೀ ಪ್ರಯಾಣದಲ್ಲಿ ಒಂದು ಸಣ್ಣ ಭಾಗ. ಲಂಡನ್‌ನ ಹೀಥ್ರೂ ನಿಲ್ದಾಣಕ್ಕೆ ಬರುವ ವಿಮಾನಗಳು ಸರದಿಗಾಗಿ ಆಕಾಶದಲ್ಲೇ ಸುತ್ತು ಹಾಕುವುದು ಸಾಮಾನ್ಯ. ಆ ಒಂದೊಂದು ಸುತ್ತಿನಲ್ಲೂ ದೂರ ಬೆಳೆಯುತ್ತದೆ, ಸ್ಥಾನಪಲ್ಲಟ ಮಾತ್ರ ಸೊನ್ನೆ. ಮೈದಾನ ಸುತ್ತುವ ಹುಡುಗ ಇಲ್ಲಿ ಆಕಾಶಕ್ಕೇರಿದ್ದಾನೆ.

ಈಗ ಸರಾಸರಿ ಜವ ಎಂಬ ಮಾತಿಗೆ ಅರ್ಥ ಬರುತ್ತದೆ. ಹೀಥ್ರೂವಿನಿಂದ ಪ್ಯಾರಿಸ್‌ನ ಷಾರ್ಲ್ ದ ಗಾಲ್ ನಿಲ್ದಾಣಕ್ಕೆ ನೇರವಾಗಿ ಸುಮಾರು 347 ಕಿ.ಮೀ. ಅದನ್ನು 80 ನಿಮಿಷದಿಂದ ಭಾಗಿಸಿದರೆ ಗಂಟೆಗೆ ಸುಮಾರು 260 ಕಿ.ಮೀ. ಬರುತ್ತದೆ. ಇದರ ಪಕ್ಕದಲ್ಲೇ ರೈಲನ್ನು ಇಡಬೇಕು. 1994ರಲ್ಲಿ ತೆರೆದ ಚಾನೆಲ್ ಸುರಂಗ ಸುಮಾರು 50 ಕಿ.ಮೀ. ಉದ್ದವಿದೆ, ಅದರಲ್ಲಿ 38 ಕಿ.ಮೀ.ಯಷ್ಟು ಸಮುದ್ರದ ಅಡಿಯಲ್ಲಿದೆ. ಅದರೊಳಗೆ ಹೋಗುವ ಯೂರೋಸ್ಟಾರ್ ರೈಲಿನ ಗರಿಷ್ಠ ಜವ ಗಂಟೆಗೆ 300 ಕಿ.ಮೀ., ಸುರಂಗದೊಳಗೆ 160 ಕಿ.ಮೀ. ಅತಿ ಬೇಗ ಮುಟ್ಟುವ ರೈಲು 492 ಕಿ.ಮೀ.ಯನ್ನು 2 ಗಂಟೆ 16 ನಿಮಿಷದಲ್ಲಿ ಕ್ರಮಿಸುತ್ತದೆ. ಸರಾಸರಿ ಜವ ಗಂಟೆಗೆ ಸುಮಾರು 217 ಕಿ.ಮೀ. ಗರಿಷ್ಠ ಜವದಲ್ಲಿ ರೈಲಿಗಿಂತ ಎರಡೂವರೆ ಪಟ್ಟಿಗೂ ಮುಂದಿರುವ ವಿಮಾನ, ಸರಾಸರಿ ಜವಕ್ಕೆ ಬಂದಾಗ ಅದರ ಹತ್ತಿರಕ್ಕೇ ಇಳಿದುಬಿಡುತ್ತದೆ.

ಇನ್ನೂ ಒಂದು ಹೆಜ್ಜೆ ಇದೆ. ಮನೆ ಬಾಗಿಲಿನಿಂದ ಲೆಕ್ಕ ಹಾಕಿ ಎಂದು ಮಕ್ಕಳಿಗೆ ಹೇಳಿದೆ. ಅಂಕಿಗಳನ್ನು ಅವರೇ ಊಹಿಸಿದರು: ನಿಲ್ದಾಣ ಮುಟ್ಟಲು ಒಂದು ಗಂಟೆ, ತಪಾಸಣೆಗೆಂದು ಎರಡು ಗಂಟೆ ಮೊದಲೇ ಹೋಗಿರಬೇಕು, ಹಾರಾಟ ಒಂದು ಗಂಟೆ ಇಪ್ಪತ್ತು ನಿಮಿಷ, ಇಳಿದು ಊರೊಳಗೆ ಬರಲು ಒಂದು ಗಂಟೆ. ಒಟ್ಟು 5 ಗಂಟೆ 20 ನಿಮಿಷ. ನಗರದ ನಡುವಿನಲ್ಲೇ ನಿಲ್ದಾಣವಿರುವ ರೈಲಿಗೆ ಅವರು ಹಾಕಿದ್ದು ಒಟ್ಟು ನಾಲ್ಕೂಕಾಲು ಗಂಟೆ. 344 ಕಿ.ಮೀ. ಸ್ಥಾನಪಲ್ಲಟವನ್ನು ಇವುಗಳಿಂದ ಭಾಗಿಸಿದಾಗ ಸರಾಸರಿ ವೇಗ ವಿಮಾನದ ಪ್ರಯಾಣಿಕನಿಗೆ ಗಂಟೆಗೆ ಸುಮಾರು 65, ರೈಲಿನವನಿಗೆ ಸುಮಾರು 81 ಕಿ.ಮೀ. ‘ವಿಮಾನ ನಮ್ಮ ಕೆಂಪು ಬಸ್ಸಿನಷ್ಟೇ ಆಯ್ತಲ್ಲ!’ ಎಂದು ಹಿಂದಿನ ಬೆಂಚಿನಿಂದ ಬಂದ ಮಾತಿಗೆ ಇಡೀ ತರಗತಿ ನಕ್ಕಿತು. ಜವ ಮತ್ತು ವೇಗ ಬೇರೆ ಬೇರೆ ಎಂಬುದನ್ನು ಆ ಮಕ್ಕಳು ವ್ಯಾಖ್ಯಾನ ಬಾಯಿಪಾಠ ಮಾಡಿ ಕಲಿಯಲಿಲ್ಲ.

ಇದು ತರಗತಿಯ ತಮಾಷೆಗೆ ಮಾತ್ರ ಸೀಮಿತವಾದ ಲೆಕ್ಕವೂ ಅಲ್ಲ. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಹೋಗಬಹುದಾದ ಕಡೆಗೆ ದೇಶದೊಳಗಿನ ವಿಮಾನ ಬೇಡ ಎಂದು ಫ್ರಾನ್ಸ್ ಕಾನೂನು ಮಾಡಿ, 2023ರಲ್ಲಿ ಜಾರಿಗೆ ತಂದಿತು. ಪ್ಯಾರಿಸ್‌ನ ಓರ್ಲಿ ನಿಲ್ದಾಣದಿಂದ ಲಿಯಾನ್, ನಾಂತ್, ಬೋರ್ಡೊ ನಗರಗಳಿಗೆ ಹೋಗುವ ವಿಮಾನಗಳಿಗೆ ಅದು ಅನ್ವಯಿಸಿತು. ಇಂಗಾಲದ ಹೊರಸೂಸುವಿಕೆ ತಗ್ಗಿಸುವುದು ಅದರ ಉದ್ದೇಶ. ಒಂಬತ್ತನೆಯ ತರಗತಿಯ ದೂರ–ಸಮಯದ ಲೆಕ್ಕ ಒಂದು ದೇಶದ ಶಾಸನದಲ್ಲಿ ಕುಳಿತಿದೆ ಎಂದು ಗೊತ್ತಾದರೆ, ‘ಇದನ್ನು ಕಲಿತು ಏನು ಪ್ರಯೋಜನ’ ಎಂಬ ಪ್ರಶ್ನೆಗೆ ನಾವು ಬೇರೆ ಉತ್ತರ ಹುಡುಕಬೇಕಿಲ್ಲ.

ಗಡಿಯಾರದ ಒಗಟು

ಈ ಎರಡು ನಗರಗಳನ್ನೇ ಆರಿಸಲು ಮುಖ್ಯ ಕಾರಣ ಗಡಿಯಾರ. ಉದಾಹರಣೆಗೆ, ಬೆಳಿಗ್ಗೆ 10 ಗಂಟೆಗೆ ಲಂಡನ್ ಬಿಟ್ಟ ವಿಮಾನ 12.20ಕ್ಕೆ ಪ್ಯಾರಿಸ್ ಮುಟ್ಟುತ್ತದೆ ಎನ್ನೋಣ. ಅದೇ ವಿಮಾನ ಮಧ್ಯಾಹ್ನ 2 ಗಂಟೆಗೆ ಪ್ಯಾರಿಸ್ ಬಿಟ್ಟು 2.20ಕ್ಕೆ ಲಂಡನ್ ಮುಟ್ಟುತ್ತದೆ. ವೇಳಾಪಟ್ಟಿಗಳು ಆಯಾ ಊರಿನ ಗಡಿಯಾರದ ಪ್ರಕಾರವೇ ಇರುವುದರಿಂದ ಹೀಗೆ ಕಾಣುತ್ತದೆ. ಹೋಗಲು 140 ನಿಮಿಷ, ಬರಲು 20 ನಿಮಿಷ! ಗಾಳಿಯ ಕಾರಣದಿಂದ ಹೋಗುವ ಮತ್ತು ಬರುವ ಸಮಯಗಳಲ್ಲಿ ಕೆಲವು ನಿಮಿಷ ವ್ಯತ್ಯಾಸ ಬರಬಹುದು, ಎರಡು ಗಂಟೆ ಬರಲಾರದು.

ಹಾರಾಟದ ಸಮಯ ಎಕ್ಸ್, ಗಡಿಯಾರಗಳ ವ್ಯತ್ಯಾಸ ವೈ ಎಂದಿಡಿ. ಎಕ್ಸ್ + ವೈ = 140; ಎಕ್ಸ್ – ವೈ = 20. ಕೂಡಿದರೆ ಎಕ್ಸ್ 80 ನಿಮಿಷ, ಕಳೆದರೆ ವೈ 60 ನಿಮಿಷ. ಹತ್ತನೆಯ ತರಗತಿಯ ರೇಖಾತ್ಮಕ ಸಮೀಕರಣಗಳ ಜೋಡಿಯಲ್ಲಿ ಪ್ರವಾಹದ ಜೊತೆಗೆ ಹೋಗುವ, ಪ್ರವಾಹಕ್ಕೆ ಎದುರಾಗಿ ಬರುವ ದೋಣಿಯ ಲೆಕ್ಕ ಬರುತ್ತದಲ್ಲ, ಇದೂ ಅದೇ ರಚನೆ. ಅಲ್ಲಿ ನೀರು, ಇಲ್ಲಿ ಗಡಿಯಾರ.

ಇಲ್ಲಿಗೆ ನಿಲ್ಲಿಸದೆ, ಆ 60 ನಿಮಿಷ ಏಕೆ ಎಂದು ಕೇಳಬೇಕು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕೆಂದು ಮಕ್ಕಳಿಗೆ ಗೊತ್ತು. ಪ್ಯಾರಿಸ್‌ನ ರೇಖಾಂಶ 2.35 ಡಿಗ್ರಿ. ಅದರಂತೆ ಗ್ರೀನಿಚ್‌ಗೂ ಪ್ಯಾರಿಸ್‌ಗೂ ಇರಬೇಕಾದ ವ್ಯತ್ಯಾಸ ಒಂಬತ್ತು ನಿಮಿಷ ಚಿಲ್ಲರೆ. ಇಲ್ಲಿ ಮತ್ತೊಮ್ಮೆ ಸೂತ್ರದ ಉತ್ತರ ಸರಿಹೊಂದುವುದಿಲ್ಲ. ಈ ಬಾರಿ ಕಾರಣವಿರುವುದು ಇತಿಹಾಸದಲ್ಲಿ. 1884ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಗ್ರೀನಿಚ್ ರೇಖೆಯನ್ನು ಸೊನ್ನೆ ಡಿಗ್ರಿ ಎಂದು ಆರಿಸಿದಾಗ ಫ್ರಾನ್ಸ್ ತಟಸ್ಥವಾಗಿ ಉಳಿಯಿತು. 1911ರಲ್ಲಿ ಅದೇ ಸಮಯಕ್ಕೆ ಹೊಂದಿಕೊಂಡಾಗಲೂ, ಗ್ರೀನಿಚ್ ಹೆಸರನ್ನು ಹೇಳದೆ ‘ಪ್ಯಾರಿಸ್ ಸಮಯಕ್ಕಿಂತ 9 ನಿಮಿಷ 21 ಸೆಕೆಂಡ್ ಹಿಂದೆ’ ಎಂಬ ಅರ್ಥದಲ್ಲಿ ಕಾನೂನು ಬರೆಯಿತು. 1940ರಲ್ಲಿ ಜರ್ಮನ್ ಆಕ್ರಮಣದ ಕಾಲದಲ್ಲಿ ಪ್ಯಾರಿಸ್‌ನ ಗಡಿಯಾರ ಜರ್ಮನಿಯ ಸಮಯಕ್ಕೆ ಸರಿಯಿತು. ಯುದ್ಧ ಮುಗಿದ ಮೇಲೂ ಫ್ರಾನ್ಸ್ ಮಧ್ಯ ಯುರೋಪಿನ ಸಮಯದಲ್ಲೇ ಉಳಿಯಿತು. ರೇಖಾಂಶ ಪ್ರಕೃತಿಯ ಕೋನ, ಸಮಯ ವಲಯ ಮನುಷ್ಯರ ತೀರ್ಮಾನ. ಈ ವ್ಯತ್ಯಾಸ ತಿಳಿದ ಮಗುವಿಗೆ, ನಮ್ಮ ಇಡೀ ದೇಶ 82.5 ಡಿಗ್ರಿ ರೇಖಾಂಶದ ಒಂದೇ ಸಮಯವನ್ನು ಏಕೆ ಇಟ್ಟುಕೊಂಡಿದೆ ಎಂಬ ಪ್ರಶ್ನೆಯೂ ತಾನಾಗಿ ಹುಟ್ಟುತ್ತದೆ.

ಬರಬಹುದಾದ ಆಕ್ಷೇಪಗಳು

ಹಿರಿಯ ಬೋಧಕರು ಮೊದಲು ಕೇಳುವುದು, ‘ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕಲ್ಲವೇ? ಬೆಂಗಳೂರು–ದೆಹಲಿ ಇರುವಾಗ ಲಂಡನ್–ಪ್ಯಾರಿಸ್ ಏಕೆ?’ ಎಂದು. ಪ್ರಶ್ನೆ ನ್ಯಾಯವಾದದ್ದೇ. ಪಾಠವನ್ನು ಮಕ್ಕಳು ದಿನವೂ ಹತ್ತುವ ಬಸ್ಸಿನಿಂದ ಆರಂಭಿಸಬೇಕು, ಬೆಂಗಳೂರು–ದೆಹಲಿಯನ್ನೂ ಮಾಡಿಸಬೇಕು. ಆದರೆ ಭಾರತದೊಳಗೆ ಎಲ್ಲಿಗೆ ಹಾರಿದರೂ ಗಡಿಯಾರ ಬದಲಾಗುವುದಿಲ್ಲ. ಹೊರಡುವ ಮತ್ತು ಮುಟ್ಟುವ ಸಮಯಗಳನ್ನು ಕಳೆದರೆ ಅವಧಿ ಸಿಕ್ಕಿಬಿಡುತ್ತದೆ. ಗಡಿಯಾರದ ಸಮಯ ಬೇರೆ, ಅವಧಿ ಬೇರೆ ಎಂಬ ತಿಳಿವಳಿಕೆಗೆ ದೇಶದ ಹೊರಗಿನ ಉದಾಹರಣೆಯೇ ಬೇಕು. ಮುನ್ನೂರೈವತ್ತು ಕಿಲೋಮೀಟರಿನೊಳಗೆ ಎರಡು ದೇಶ, ಎರಡು ಗಡಿಯಾರ, ಒಂದು ಸಮುದ್ರ, ರೈಲು ಮತ್ತು ವಿಮಾನ ಎಲ್ಲ ಇರುವ ಜೋಡಿ ಅಪರೂಪ. ಮೇಲಾಗಿ, ಉಳಿದ 56 ನಿಮಿಷದ ಪ್ರಶ್ನೆಗೆ ಆ ಮಕ್ಕಳು ಉತ್ತರ ಕಂಡುಕೊಂಡದ್ದು ಬಸ್ ನಿಲ್ದಾಣದಲ್ಲೇ. ತಿಳಿದದ್ದು ಅಲ್ಲಿ ಇದ್ದೇ ಇತ್ತು.

ಎರಡನೆಯದು, ಅಂದಾಜು ಅಂಕಿಗಳು ಮಕ್ಕಳನ್ನು ಗೊಂದಲಕ್ಕೆ ದೂಡುತ್ತವೆ ಎಂಬ ಮಾತು. ಗೊಂದಲದಲ್ಲೂ ಒಂದು ಕ್ರಮವಿದೆ ಎಂದು ತೋರಿಸುವುದು ನಮ್ಮ ಕೆಲಸ. ಲಂಡನ್‌ನಿಂದ ರೋಮ್‌ಗೆ ನೇರವಾಗಿ ಸುಮಾರು 1,430 ಕಿ.ಮೀ.; 850ರಿಂದ ಭಾಗಿಸಿದರೆ 101 ನಿಮಿಷ; ವೇಳಾಪಟ್ಟಿಯಲ್ಲಿ ಸುಮಾರು ಎರಡೂವರೆ ಗಂಟೆ. ಲಂಡನ್–ಅಥೆನ್ಸ್ ಸುಮಾರು 2,390 ಕಿ.ಮೀ.; ಭಾಗಿಸಿದರೆ 169 ನಿಮಿಷ; ವೇಳಾಪಟ್ಟಿಯಲ್ಲಿ ಮೂರು ಮುಕ್ಕಾಲು ಗಂಟೆಯ ಹತ್ತಿರ. ದೂರ ಎಷ್ಟೇ ಇರಲಿ, ಮೇಲೆ ಸೇರುವುದು ಐವತ್ತರಿಂದ ಅರವತ್ತು ನಿಮಿಷದ ಒಳಗೇ ಇದೆ. ದೂರವನ್ನು ಒಂದು ಅಕ್ಷದಲ್ಲಿ, ಸಮಯವನ್ನು ಇನ್ನೊಂದು ಅಕ್ಷದಲ್ಲಿ ಗುರುತಿಸಿದರೆ ಮೂರು ಬಿಂದುಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಬರುತ್ತವೆ. ಆದರೆ ಆ ಗೆರೆ ಮೂಲಬಿಂದುವಿನ ಮೂಲಕ ಹಾದುಹೋಗುವುದಿಲ್ಲ. ದೂರ ಸೊನ್ನೆಯಾದರೂ ಸಮಯ ಸೊನ್ನೆಯಾಗದ ಗೆರೆ ಅದು. ಪಠ್ಯಪುಸ್ತಕದ ರೈಲಿನ ಗೆರೆಗೂ ನಿಜದ ಪ್ರಯಾಣದ ಗೆರೆಗೂ ಇರುವ ವ್ಯತ್ಯಾಸವನ್ನು ನಕ್ಷೆ ಒಂದೇ ನೋಟದಲ್ಲಿ ತೋರಿಸುತ್ತದೆ.

ಮೂರನೆಯ ಆಕ್ಷೇಪ ಸಮಯದ್ದು. ನಲವತ್ತು ನಿಮಿಷದ ಅವಧಿ, ಘಟಕ ಪರೀಕ್ಷೆ ಹತ್ತಿರ, ಪಾಠಗಳ ಸಂಖ್ಯೆ ಮುಗಿಸಬೇಕು. ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಮೇಲಿನದ್ದೆಲ್ಲ ಒಂದು ಅವಧಿಯಲ್ಲಿ ಮುಗಿಯುವಂಥದ್ದಲ್ಲ. ನನಗೆ ಎರಡು ಅವಧಿ ಬೇಕಾಯಿತು, ಗಡಿಯಾರದ ಭಾಗವನ್ನು ಮನೆಗೆಲಸಕ್ಕೆ ಕೊಟ್ಟೆ. ಪಾಠ ವೀಕ್ಷಿಸಿದವರ ಟಿಪ್ಪಣಿಯಲ್ಲಿ ‘ಪಾಠದ ಕೊನೆಯಲ್ಲಿ ನಿರ್ದಿಷ್ಟ ಉತ್ತರ ದೊರೆತಿಲ್ಲ’ ಎಂದಿತ್ತು. ವೀಕ್ಷಣಾ ನಮೂನೆಯ ಪ್ರಕಾರ ಆ ಟಿಪ್ಪಣಿ ಸರಿಯೇ. ಪೀಠಿಕೆ, ಬೆಳವಣಿಗೆ, ಕರಿಹಲಗೆ ಸಾರಾಂಶ, ಮೌಲ್ಯಮಾಪನ ಎಂಬ ಅಂಕಣಗಳಿರುವ ನಮೂನೆಯಲ್ಲಿ, ಮಗು ಕೇಳಿದ ಪ್ರಶ್ನೆಗೆ ಒಂದು ಅಂಕಣವಿಲ್ಲ. ನನ್ನ ತಕರಾರು ವೀಕ್ಷಕರ ಮೇಲಲ್ಲ, ಆ ನಮೂನೆಯ ಮೇಲೆ.

ಏಕೆಂದರೆ ಪ್ರಶಿಕ್ಷಣಾರ್ಥಿ ನಮೂನೆಯನ್ನು ನೋಡಿಯೇ ಪಾಠ ಕಟ್ಟುತ್ತಾನೆ. ಯಾವುದಕ್ಕೆ ಅಂಕವಿದೆಯೋ ಅದನ್ನು ಮಾಡುತ್ತಾನೆ. ಶೇಷವಿಲ್ಲದೆ ಭಾಗವಾಗುವ ಲೆಕ್ಕ ಸುರಕ್ಷಿತ; ಅದರಲ್ಲಿ ಯಾವ ಮಗುವೂ ಎದ್ದು ನಿಂತು ‘ಹಾಗಾದರೆ ಇದು ಹೇಗೆ?’ ಎಂದು ಕೇಳುವುದಿಲ್ಲ. ಎರಡು ವರ್ಷ ಹೀಗೆ ಸುರಕ್ಷಿತವಾಗಿ ಕಲಿಸಿ ಅಭ್ಯಾಸವಾದವರು ಮುಂದೆ ಮೂವತ್ತು ವರ್ಷ ಹಾಗೆಯೇ ಕಲಿಸುತ್ತೇವೆ. ಉತ್ತರ ಲೋಕದ ಜೊತೆ ತಾಳೆಯಾಗದಿದ್ದಾಗ ತನ್ನ ಬುದ್ಧಿಯೇ ತಪ್ಪು ಎಂದು ಮಗು ಅಂದುಕೊಳ್ಳುವುದೂ, ಯಾವ ಅಂಶ ಲೆಕ್ಕದಿಂದ ಬಿಟ್ಟುಹೋಗಿದೆ ಎಂದು ಹುಡುಕುವುದೂ ನಾವು ರೂಢಿಸಿದ ಅಭ್ಯಾಸವನ್ನು ಅವಲಂಬಿಸಿವೆ. ಮೊದಲನೆಯ ಮಗು ಪರೀಕ್ಷೆ ಬರೆದು ಗಣಿತ ಬಿಡುತ್ತದೆ. ಎರಡನೆಯದು ಮುಂದೆ ಮೀಟರು, ಬಿಲ್ಲು, ಬಡ್ಡಿ ಎಲ್ಲವನ್ನೂ ಪ್ರಶ್ನಿಸುತ್ತದೆ.

ಆದ್ದರಿಂದ ನನ್ನ ಸಲಹೆ ಚಿಕ್ಕದು. ಅಭ್ಯಾಸ ಬೋಧನೆಯ ಪಾಠಗಳಲ್ಲಿ ಪ್ರತಿ ಗಣಿತ ಮತ್ತು ವಿಜ್ಞಾನ ಪ್ರಶಿಕ್ಷಣಾರ್ಥಿ ಕನಿಷ್ಠ ಒಂದನ್ನಾದರೂ ನಿಜವಾದ ಅಂಕಿಗಳ ಮೇಲೆ ಕಟ್ಟಲಿ. ಆ ಪಾಠಕ್ಕೆ ಎರಡು ಅವಧಿ ಒಟ್ಟಿಗೆ ಸಿಗಲಿ. ವೀಕ್ಷಣಾ ನಮೂನೆಯಲ್ಲಿ ‘ಸೂತ್ರದ ಉತ್ತರ ಮತ್ತು ನಿಜದ ಉತ್ತರದ ವ್ಯತ್ಯಾಸಕ್ಕೆ ಮಕ್ಕಳು ನೀಡಿದ ಕಾರಣಗಳು’ ಎಂಬ ಒಂದು ಸಾಲು ಸೇರಲಿ, ಅದಕ್ಕೂ ಅಂಕ ಇರಲಿ. ಲಂಡನ್–ಪ್ಯಾರಿಸ್ ಆಗಲೇಬೇಕೆಂದಿಲ್ಲ, ಲಿಸ್ಬನ್–ಮ್ಯಾಡ್ರಿಡ್ ಕೂಡ ಆಗಬಹುದು. ಅಲ್ಲಿಯೂ ನಡುವಿನ ದೂರ ಸುಮಾರು 500 ಕಿ.ಮೀ., ಗಡಿಯಾರದಲ್ಲಿ ಒಂದು ಗಂಟೆ ವ್ಯತ್ಯಾಸ. ಮುಂದಿನ ಸಾಲಿನ ಗೆಳೆಯರು ಯಾರಾದರೂ ಅದನ್ನು ಕೈಗೆತ್ತಿಕೊಂಡರೆ, ಮಕ್ಕಳು ಏನು ಕೇಳಿದರು ಎಂಬುದನ್ನು ಇದೇ ಪುಟಗಳಲ್ಲಿ ಓದಲು ಕಾಯುತ್ತೇನೆ.